ಹವಳದ ಮೇಲೆ ನಮ್ಮ ಸಾಲ, ನಮ್ಮ ಸಿಮೆಂಟಿನ ಹೊಗೆ

2024ರ ಜನವರಿ ನೆನಪಿದೆಯಲ್ಲ? ಪ್ರಧಾನಿ ಲಕ್ಷದ್ವೀಪದ ಫೋಟೊ ಹಾಕಿದ್ರು, ಮಾಲ್ಡೀವ್ಸ್‌ನ ಮೂವರು ಉಪಸಚಿವರು ಕೀಳಾಗಿ ಬರೆದು ಅಮಾನತಾದ್ರು, ನಮ್ಮ ಟೈಮ್‌ಲೈನ್ ತುಂಬ ‘ಬಾಯ್ಕಾಟ್ ಮಾಲ್ಡೀವ್ಸ್’. ಟಿಕೆಟ್ ರದ್ದು ಮಾಡಿದ ಸ್ಕ್ರೀನ್‌ಶಾಟೇ ದೇಶಭಕ್ತಿಯಾಗಿದ್ದ ವಾರ ಅದು. ಯಾರ ಬೀಚ್ ಚಂದ ಅಂತ ಜಗಳ ನಡೆಯಿತೇ ಹೊರತು, ಆ ಬೀಚಿನ ಮರಳು ಎಲ್ಲಿಂದ ಬರುತ್ತದೆ ಅಂತ ಯಾರೂ ಕೇಳಲಿಲ್ಲ.

ಅದು ಬರುವುದು ಹವಳದಿಂದ. ಮಾಲ್ಡೀವ್ಸ್‌ಗೆ ಬೆಟ್ಟವಿಲ್ಲ, ನದಿಯಿಲ್ಲ. ಶೇ. 80ರಷ್ಟು ನೆಲ ಸಮುದ್ರ ಮಟ್ಟಕ್ಕಿಂತ ಒಂದು ಮೀಟರ್‌ಗೂ ಕಡಿಮೆ ಎತ್ತರದಲ್ಲಿದೆ. ಹವಳ ಅನ್ನೋದು ಸಣ್ಣ ಜೀವಿ, ನೀರಿನೊಳಗಿನ ಸುಣ್ಣ ಹೀರಿ ಗೂಡು ಕಟ್ಟುತ್ತದೆ. ಆ ಗೂಡುಗಳೇ ಸೇರಿ ದಿಬ್ಬವಾಗುತ್ತವೆ. ಗಿಳಿಕೊಕ್ಕಿನಂಥ ಬಾಯಿರುವ ಪ್ಯಾರಟ್ ಫಿಶ್ ದಿಬ್ಬವನ್ನು ಕೆರೆದು ತಿಂದು ಹಿಂದಿನಿಂದ ಮರಳಾಗಿ ಬಿಡುತ್ತದೆ. ಅಲ್ಲಿನ ವಕ್ಕಾರು ದ್ವೀಪದ ದಿಬ್ಬದ ಬಗ್ಗೆ 2015ರಲ್ಲಿ ಬಂದ ಅಧ್ಯಯನದ ಪ್ರಕಾರ ಹೊಸ ಮರಳಿನಲ್ಲಿ ಶೇ. 85ಕ್ಕೂ ಹೆಚ್ಚು ಪಾಲು ಈ ಮೀನಿನದ್ದೇ. ಅಂದರೆ ಹನಿಮೂನ್ ಫೋಟೊದ ಬಿಳಿ ಮರಳು ಬಹುಪಾಲು ಮೀನಿನ ಹಿಕ್ಕೆ. ಅಲೆಯ ಹೊಡೆತ ತಡೆಯುವುದು ಇದೇ ದಿಬ್ಬ. ಟ್ಯೂನಾ ಹಿಡಿಯಲು ಗಾಳಕ್ಕೆ ಬೇಕಾದ ಸಣ್ಣ ಮೀನು ಸಿಗುವುದೂ ಇಲ್ಲೇ. ದಿಬ್ಬ ಸತ್ತರೆ ದ್ವೀಪ ಮೊದಲಿನಂತೆ ಬೆಳೆಯುವುದಿಲ್ಲ, ಸವೆಯುತ್ತದೆ.

ಈಗ ನಮ್ಮ ಸಾಲದ ವಿಷಯಕ್ಕೆ ಬರೋಣ. ಮಾಲ್ಡೀವ್ಸ್‌ನ ದಕ್ಷಿಣ ತುದಿಯಲ್ಲಿ ಅಡ್ಡು ಎಂಬ ಹವಳ ದ್ವೀಪಗಳ ಉಂಗುರವಿದೆ. 2020ರಲ್ಲಿ ಯುನೆಸ್ಕೊ ಅದನ್ನು ಜೀವಗೋಳ ಮೀಸಲು ಪ್ರದೇಶವೆಂದು ಗುರುತಿಸಿತು. ಅಲ್ಲೇ ಖಾರಿಯ ತಳದ ಮರಳನ್ನು ಹಡಗಿನಿಂದ ಹೀರಿ, ಕಡಲಿಗೆ ಸುರಿದು ಹೊಸ ನೆಲ ಮಾಡಿದರು. ಕೆಲಸ ಮಾಡಿದ್ದು ಡಚ್ ಕಂಪನಿ ವ್ಯಾನ್ ಊರ್ಡ್, ಹಣ ಬಂದದ್ದು ಭಾರತದ ಎಕ್ಸಿಮ್ ಬ್ಯಾಂಕಿನ 80 ಕೋಟಿ ಡಾಲರ್ ಸಾಲದಿಂದ. ಹೂಳೆತ್ತಿದಾಗ ಏಳುವ ರಾಡಿ ಹವಳದ ಮೇಲೆ ಕೂರುತ್ತದೆ, ಬೆಳಕು ನಿಲ್ಲುತ್ತದೆ, ಹವಳದೊಳಗಿನ ಪಾಚಿ ಆಹಾರ ತಯಾರಿಸಲಾರದು. ಜಾಗ ಸಾಲದ ದೇಶಕ್ಕೆ ನೆಲ ಬೇಡವೇ ಅಂತ ಕೇಳಬಹುದು. ಬೇಕು. ಮಾಲೆಯಷ್ಟು ಕಿಕ್ಕಿರಿದ ಊರು ಜಗತ್ತಿನಲ್ಲೇ ಕಡಿಮೆ. ಆದರೆ ಮನೆಗೆ ಎಷ್ಟು ನೆಲ, ರೆಸಾರ್ಟಿಗೆ ಎಷ್ಟು ಅನ್ನೋ ಲೆಕ್ಕವನ್ನು ಸಾಲ ಕೊಟ್ಟವರೂ ಕೇಳಬೇಕಲ್ಲ?

ನಮ್ಮದೇ ಕಾನೂನು ನೋಡ್ರಿ. 2001ರಿಂದ ದಿಬ್ಬ ಕಟ್ಟುವ ಹವಳ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಷೆಡ್ಯೂಲಿನಲ್ಲಿದೆ, ಹುಲಿಯ ಪಕ್ಕದಲ್ಲೇ. ಮುರುಡೇಶ್ವರದಿಂದ ಸುಮಾರು 19 ಕಿ.ಮೀ. ದೂರದ ನೇತ್ರಾಣಿಯಲ್ಲಿ ಸ್ಕೂಬಾ ಡೈವಿಂಗಿಗೆ ಹೋದವರು ಒಂದು ತುಂಡು ಹವಳ ಮುರಿದು ತಂದರೂ ಅಪರಾಧ. (ಅದೇ ನೇತ್ರಾಣಿಯನ್ನು ನೌಕಾಪಡೆ ಗುಂಡು ಹಾರಿಸುವ ಅಭ್ಯಾಸಕ್ಕೆ ಗುರಿಯಾಗಿ ಬಳಸಿದ್ದು ಬೇರೆ ಕತೆ.) ಮನೆಯಲ್ಲಿ ಹುಲಿಯ ಸಮಾನವಾದ ಜೀವಿ, ನಮ್ಮ ಸಾಲ ಗಡಿ ದಾಟಿದ ಕೂಡಲೇ ಬರೀ ಮರಳಾಗುವುದು ಹೇಗೆ?

ಇಷ್ಟೆಲ್ಲ ಕಡಲಿನ ಮಾತು ಆಡಕಿ, ಸೇಡಂ, ವಾಡಿ ಕಡೆಯವರಿಗೆ ಯಾಕೆ? ಎಂಜಿನಿಯರಿಂಗ್ ಓದಿದ್ದು ಇಲ್ಲಾದರೂ ಉಪಯೋಗಕ್ಕೆ ಬರಲಿ. ನಮ್ಮ ಹೊಲದಡಿಯ ಸುಣ್ಣಕಲ್ಲು ಹವಳದ್ದಲ್ಲ, ಭೀಮಾ ತೀರದ ಬಹಳ ಹಳೆಯ ಪದರ. ಆದರೆ ಮನೆಗೆ ಹಾಸುವ ಪರ್ಸಿಯಲ್ಲೂ ಹವಳದ ಗೂಡಿನಲ್ಲೂ ಮುಖ್ಯವಾಗಿ ಇರುವುದು ಒಂದೇ, ಕ್ಯಾಲ್ಸಿಯಂ ಕಾರ್ಬೊನೇಟ್. ಅದರ 100 ಕೆಜಿಯನ್ನು ಭಟ್ಟಿಯಲ್ಲಿ ಸುಟ್ಟರೆ 56 ಕೆಜಿ ಸುಣ್ಣ ಉಳಿಯುತ್ತದೆ, 44 ಕೆಜಿ ಕಾರ್ಬನ್ ಡೈಆಕ್ಸೈಡ್ ಆಗಿ ಚಿಮಣಿ ಹತ್ತುತ್ತದೆ. ಕಲ್ಲಿದ್ದಲಿನ ಬದಲು ಸೋಲಾರ್ ಹಾಕಿದರೂ ಈ 44 ಕಡಿಮೆಯಾಗುವುದಿಲ್ಲ, ಅದು ಕಲ್ಲಿನೊಳಗೇ ಇದೆ. ಇಂಧನವನ್ನೂ ಸೇರಿಸಿದರೆ 50 ಕೆಜಿಯ ಒಂದು ಚೀಲಕ್ಕೆ 30 ಕೆಜಿಯ ಆಸುಪಾಸು. ಜಗತ್ತಿನ ಕಾರ್ಬನ್ ಡೈಆಕ್ಸೈಡ್‌ನಲ್ಲಿ ಸಿಮೆಂಟಿನ ಪಾಲು ಶೇ. 7–8.

ಮಳಖೇಡದ ಚಿಮಣಿಯಿಂದ ಅಡ್ಡುವಿನ ಹವಳ ಸತ್ತಿತು ಅಂತ ಯಾರೂ ಹೇಳಲಾರರು. ಹೊಗೆಗೆ ಊರಿನ ಹೆಸರಿರುವುದಿಲ್ಲ. ಆದರೆ ಭೂಮಿಯ ಹೆಚ್ಚುವರಿ ಶಾಖದಲ್ಲಿ ಶೇ. 90ಕ್ಕೂ ಮಿಕ್ಕಿದ್ದನ್ನು ಸಮುದ್ರ ನುಂಗುತ್ತಿದೆ. ಬೇಸಿಗೆಯ ಗರಿಷ್ಠಕ್ಕಿಂತ ಒಂದು ಡಿಗ್ರಿ ಜಾಸ್ತಿ ಬಿಸಿ ಕೆಲವು ವಾರ ನಿಂತರೆ ಸಾಕು, ಹವಳ ತನಗೆ ಉಣಿಸುವ ಪಾಚಿಯನ್ನೇ ಹೊರಹಾಕಿ ಬಿಳಿಚಿಕೊಳ್ಳುತ್ತದೆ. 1998ರಲ್ಲಿ ಮಾಲ್ಡೀವ್ಸ್‌ನ ಆಳ ಕಡಿಮೆ ಇರುವ ಕಡೆ ಸುಮಾರು ಶೇ. 90ರಷ್ಟು ಹವಳ ಸತ್ತಿತು. ಚೇತರಿಸಿಕೊಳ್ಳುವಷ್ಟರಲ್ಲಿ 2016 ಬಂತು. 2024ರ ಏಪ್ರಿಲ್‌ನಲ್ಲಿ ಅಮೆರಿಕದ ಸಾಗರ ಸಂಸ್ಥೆ ನೋವಾ ನಾಲ್ಕನೇ ಜಾಗತಿಕ ಬಿಳಿಚುವಿಕೆಯನ್ನು ಘೋಷಿಸಿತು. ಮೇಲಿಂದ, ಕಾರ್ಬನ್ ಕರಗಿದ ನೀರಿನಲ್ಲಿ ಸುಣ್ಣದ ಗೂಡು ಕಟ್ಟುವುದೇ ಕಷ್ಟ. ಇಲ್ಲಿ ಸುಣ್ಣಕಲ್ಲು ಸುಟ್ಟಷ್ಟೂ ಅಲ್ಲಿ ಸುಣ್ಣ ಕಟ್ಟುವವರ ಕೆಲಸ ಕೆಡುತ್ತದೆ.

ಬೆಲೆ ಕಟ್ಟುವುದರಲ್ಲಿ ಮಾಲ್ಡೀವ್ಸ್ ನಮಗಿಂತ ಒಂದು ಹೆಜ್ಜೆ ಮುಂದೆ. ರೆಸಾರ್ಟಿನ ಪ್ರವಾಸಿಗೆ ರಾತ್ರಿಗೆ 6 ಡಾಲರ್ ಇದ್ದ ಹಸಿರು ತೆರಿಗೆ 2025ರ ಜನವರಿಯಿಂದ 12 ಡಾಲರ್. ನಮ್ಮಲ್ಲಿ ಸುಣ್ಣಕಲ್ಲಿನ ರಾಜಧನ ಟನ್ನಿಗೆ 80 ರೂಪಾಯಿ. ಚೀಲದ ಲೆಕ್ಕದಲ್ಲಿ ಐದಾರು ರೂಪಾಯಿ. ಅದರ ಮೇಲೆ ಜಿಲ್ಲಾ ಖನಿಜ ನಿಧಿಗೆ, 2015ಕ್ಕಿಂತ ಹಳೆಯ ಗುತ್ತಿಗೆಯಾದರೆ ರಾಜಧನದ ಶೇ. 30, ಹೊಸದಾದರೆ ಶೇ. 10. ಅಗೆದ ಗುಂಡಿಗೆ ಇಷ್ಟಾದರೂ ದರವಿದೆ. ಚಿಮಣಿ ಹತ್ತಿದ ಆ 44 ಕೆಜಿಗೆ ರಾಜಧನದಲ್ಲಿ ಕಾಲಂ ಇಲ್ಲ.

2025ರ ಜುಲೈನಲ್ಲಿ ಪ್ರಧಾನಿ ಮಾಲೆಗೇ ಹೋಗಿ 4,850 ಕೋಟಿ ರೂಪಾಯಿಯ ಹೊಸ ಸಾಲ ಘೋಷಿಸಿದರು. ಬಾಯ್ಕಾಟ್ ಸೈನಿಕರು ಆಗ ಎಲ್ಲಿದ್ದರೋ! ಸಾಲ ಕೊಡಬಾರದು ಅನ್ನೋದು ನನ್ನ ವಾದವಲ್ಲ. ನೆರೆಯ ದೇಶ, ನಾವು ಕೊಡದಿದ್ದರೆ ಚೀನಾ ಕೊಡುತ್ತದೆ. ಆ ಹಣದಲ್ಲಿ ಎಷ್ಟು ಪಾಲು ಕಡಲು ತುಂಬಲು, ನೇತ್ರಾಣಿಗೆ ಅನ್ವಯಿಸುವ ಮಾನದಂಡ ಅದಕ್ಕೂ ಅನ್ವಯಿಸುತ್ತದೆಯೇ, ಪರಿಸರ ವರದಿಯನ್ನು ಹಣ ಹೋಗುವ ಮೊದಲೇ ಸದನದ ಮುಂದಿಡುತ್ತಾರೆಯೇ? ಈ ಮೂರನ್ನೂ ಸಂಸತ್ತಿನಲ್ಲಿ ಲಿಖಿತವಾಗಿ ಕೇಳಬಹುದು. ರಾಜ್ಯಸಭೆಯ ವಿರೋಧ ಪಕ್ಷದ ನಾಯಕ ಮಲ್ಲಿಕಾರ್ಜುನ ಖರ್ಗೆ ಇದೇ ಸುಣ್ಣಕಲ್ಲಿನ ಜಿಲ್ಲೆಯವರು. ಪ್ರಶ್ನೆ ಅಲ್ಲಿಂದಲೇ ಶುರುವಾಗಲಿ.