ಪೇಟೆಯಾಗುವ ಮೊದಲು ಗ್ರಾಮಸಭೆಯಲ್ಲಿ ಕೇಳಿ

ನಮ್ಮೂರು ಪಟ್ಟಣ ಪಂಚಾಯತ್ ಆಗುತ್ತದಂತೆ. ಹೋಟೆಲಿನಲ್ಲಿ, ಸೊಸೈಟಿ ಜಗಲಿಯಲ್ಲಿ, ಹಾಲಿನ ಡಿಪೋದಲ್ಲಿ ಈಗ ಇದೇ ಮಾತು. ಅಂಗಡಿಯವರಿಗೆ ಖುಷಿ. ಮಾರ್ಗದ ಬದಿ ಜಾಗ ಇಟ್ಟುಕೊಂಡವರಿಗೆ ಇನ್ನೂ ಖುಷಿ. ಪೇಟೆಯಿಂದ ಮೂರು ಕಿಲೋಮೀಟರ್ ಆಚೆ, ತೋಡು ದಾಟಿ, ಎರಡೆಕ್ರೆ ಅಡಿಕೆ ತೋಟ ಮಾಡಿಕೊಂಡಿರುವ ನಮ್ಮಂಥವರ ಅಭಿಪ್ರಾಯ ಏನು? ಅದನ್ನು ಯಾರೂ ಕೇಳಿಲ್ಲ. ನಾವಾಗಿ ಹೇಳಲೂ ಇಲ್ಲ.

ಪಟ್ಟಣ ಆಗಲೇಬಾರದು ಎಂಬ ಹಟ ನನ್ನದಲ್ಲ. ಬಸ್ ನಿಲ್ದಾಣದ ಸುತ್ತ ಚರಂಡಿ ಇಲ್ಲ, ಸಂತೆ ದಿನ ಕಾಲಿಡಲು ಜಾಗವಿಲ್ಲ. ಹೆಚ್ಚು ಸಿಬ್ಬಂದಿ, ಹೆಚ್ಚು ಅನುದಾನ ಬಂದರೆ ಪೇಟೆಗೆ ಒಳ್ಳೆಯದೇ. ಆದರೆ ಇಂಥ ದೊಡ್ಡ ತೀರ್ಮಾನ ಪಂಚಾಯತ್ ಕೋಣೆಯೊಳಗೆ ಕೆಲವರು ಕೂತು ಮಾಡುವಂಥದ್ದಲ್ಲ. ಮೊದಲು ಗ್ರಾಮಸಭೆಗೆ ಬರಬೇಕು. ಯಾಕೆಂದರೆ ಪಟ್ಟಣವಾದ ಮರುದಿನ ನಾವು ಕಳೆದುಕೊಳ್ಳುವ ಮೊದಲ ವಸ್ತುವೇ ಗ್ರಾಮಸಭೆ.

ತಲೆ ಲೆಕ್ಕ, ತೋಟದ ಲೆಕ್ಕ

ಕಾನೂನು ಏನು ಹೇಳುತ್ತದೆ ನೋಡೋಣ. 1964ರ ಕರ್ನಾಟಕ ಪುರಸಭೆಗಳ ಕಾಯ್ದೆಯ ಪ್ರಕಾರ ಪಟ್ಟಣ ಪಂಚಾಯತ್ ಆಗಬೇಕಾದರೆ ಜನಸಂಖ್ಯೆ 10 ಸಾವಿರಕ್ಕಿಂತ ಕಡಿಮೆ ಇರಬಾರದು, 20 ಸಾವಿರ ಮೀರಬಾರದು. ಚದರ ಕಿಲೋಮೀಟರಿಗೆ ಕನಿಷ್ಠ 400 ಜನ ಇರಬೇಕು. ದುಡಿಯುವವರಲ್ಲಿ ಕನಿಷ್ಠ ಅರ್ಧ ಪಾಲು ಕೃಷಿಯೇತರ ಕೆಲಸದಲ್ಲಿರಬೇಕು.

ನಮ್ಮ ಕಡೆಯ ಪೇಟೆಗಳು ನಿಮಗೆ ಗೊತ್ತು. ನಾಲ್ಕು ಮಾರ್ಗ ಸೇರುವಲ್ಲಿ ನೂರಿನ್ನೂರು ಅಂಗಡಿ, ಒಂದು ಬ್ಯಾಂಕು, ಶಾಲೆ, ಆಸ್ಪತ್ರೆ. ಅದರಾಚೆ ಕಾಲು ಗಂಟೆ ನಡೆದರೆ ತೋಟ, ಗುಡ್ಡೆ, ಗದ್ದೆ. ಬರೀ ಪೇಟೆಯನ್ನು ಎಣಿಸಿದರೆ 10 ಸಾವಿರ ತಲೆ ಎಲ್ಲಿಂದ ಸಿಗಬೇಕು? ಲೆಕ್ಕ ಭರ್ತಿಯಾಗಲು ಸುತ್ತಲಿನ ಕೃಷಿ ವಾರ್ಡುಗಳನ್ನು ಎಳೆದು ಸೇರಿಸಬೇಕಾಗುತ್ತದೆ. ತಲೆ ಎಣಿಸುವಾಗ ನಾವು ಬೇಕು. ಸೌಲಭ್ಯ ಹಂಚುವಾಗ ದೀಪ ಮೊದಲು ಉರಿಯುವುದು ಬಸ್ ನಿಲ್ದಾಣದ ಎದುರಿನ ಕಂಬದಲ್ಲೇ.

ಇನ್ನು ಆ ‘ಅರ್ಧ ಪಾಲು ಕೃಷಿಯೇತರ’ ಎಂಬ ಮಾತು. ಬೆಳಿಗ್ಗೆ ಹಾಲು ಕರೆದು, ಹಗಲು ರಿಕ್ಷಾ ಓಡಿಸಿ, ಸಂಜೆ ತೋಟಕ್ಕೆ ನೀರು ಬಿಡುವವ ಯಾವ ಲೆಕ್ಕಕ್ಕೆ ಸೇರುತ್ತಾನೆ? ಮನೆವಾರ್ತೆಯ ಜೊತೆಗೆ ಅಡಿಕೆ ಸುಲಿಯುವ ಹೆಂಗಸು ಯಾವ ಲೆಕ್ಕಕ್ಕೆ? ಈ ಎಣಿಕೆ ಯಾರು ಮಾಡಿದರು, ಯಾವಾಗ ಮಾಡಿದರು ಎಂದು ಕೇಳುವ ಹಕ್ಕು ನಮಗಿದೆ.

ಏನು ಬದಲಾಗುತ್ತದೆ?

ಗ್ರಾಮೀಣ ಉದ್ಯೋಗ ಖಾತರಿಯಲ್ಲಿ ಸಣ್ಣ ಹಿಡುವಳಿದಾರರು ಬಾವಿ, ದನದ ಕೊಟ್ಟಿಗೆ, ಇಂಗುಗುಂಡಿ ಮಾಡಿಸಿಕೊಂಡದ್ದನ್ನು ನಾವೆಲ್ಲ ಕಂಡಿದ್ದೇವೆ. 2005ರ ಆ ಕಾಯ್ದೆಯ ಬದಲಿಗೆ 2025ರ ಡಿಸೆಂಬರಿನಲ್ಲಿ ಹೊಸ ಕಾಯ್ದೆ ಬಂತು. ಎರಡೂ ಗ್ರಾಮೀಣ ಪ್ರದೇಶಕ್ಕೆ ಮಾತ್ರ. ನಿಮ್ಮ ತೋಟ ಅಲ್ಲೇ ಇರುತ್ತದೆ, ಸೋಗೆ ಬೀಳುವುದೂ ಅದೇ ನೆಲಕ್ಕೆ. ಆದರೆ ಕಾಗದದಲ್ಲಿ ನೀವು ಪೇಟೆಯವರು.

ಮಕ್ಕಳ ವಿಚಾರ ಹಲವರಿಗೆ ಹೊಳೆದೇ ಇಲ್ಲ. ಸಿಇಟಿಯಲ್ಲಿ ಗ್ರಾಮೀಣ ಅಭ್ಯರ್ಥಿಗಳಿಗೆ ಶೇಕಡಾ 15 ಮೀಸಲಾತಿ ಇದೆ. ಅದಕ್ಕೆ ಒಂದರಿಂದ ಹತ್ತನೇ ತರಗತಿಯವರೆಗೆ ಗ್ರಾಮೀಣ ಪ್ರದೇಶದಲ್ಲಿ ಓದಿರಬೇಕು. ಪಟ್ಟಣ ಪಂಚಾಯತ್ ವ್ಯಾಪ್ತಿ ಆ ಲೆಕ್ಕದಲ್ಲಿ ಗ್ರಾಮೀಣವಲ್ಲ. ಈಗ ಎರಡನೇ ತರಗತಿಯಲ್ಲಿರುವ ಮಗುವಿನ ಮೇಲೆ ಇದರ ಪರಿಣಾಮ ಏನು? ವೇದಿಕೆಯ ಮೇಲಿನವರು ಉತ್ತರ ಕೊಡಲಿ.

ಬೆಳೆವಿಮೆ ಇನ್ನೊಂದು. ಅಡಿಕೆ, ಕಾಳುಮೆಣಸಿನ ಹವಾಮಾನ ಆಧಾರಿತ ವಿಮೆಗೆ ನಮ್ಮಲ್ಲಿ ಗ್ರಾಮ ಪಂಚಾಯತೇ ಘಟಕ. ಪಂಚಾಯತ್ ಹೋದ ಮೇಲೆ ಯಾವ ಮಳೆಮಾಪನದ ಲೆಕ್ಕ ನಮಗೆ ಅನ್ವಯ? ಇದನ್ನೂ ಮೊದಲೇ ಬರಹದಲ್ಲಿ ಕೇಳಿಟ್ಟುಕೊಳ್ಳಬೇಕು. ನಷ್ಟವಾದ ವರ್ಷ ಕೇಳಿ ಪ್ರಯೋಜನವಿಲ್ಲ.

ಪ್ರತಿನಿಧಿಗಳ ಸಂಖ್ಯೆಯೂ ಇಳಿಯುತ್ತದೆ. ಗ್ರಾಮ ಪಂಚಾಯತಿನಲ್ಲಿ 400 ಜನಕ್ಕೊಬ್ಬ ಸದಸ್ಯ. 10 ಸಾವಿರ ಜನ ಇದ್ದರೆ 25 ಮಂದಿ. ನಮ್ಮ ಜಿಲ್ಲೆಯ ಕಡಬ ಪಟ್ಟಣ ಪಂಚಾಯತಿನಲ್ಲಿ ಇರುವುದು 13 ವಾರ್ಡು. ಕಡಬದ ಇನ್ನೊಂದು ಪಾಠವೂ ಇದೆ. ಪಟ್ಟಣ ಪಂಚಾಯತ್ ಎಂದು ಆದ ಮೇಲೆ ಅಲ್ಲಿ ಮೊದಲ ಚುನಾವಣೆ ನಡೆದದ್ದು 2025ರ ಆಗಸ್ಟಿನಲ್ಲಿ. ಅಲ್ಲಿಯವರೆಗೆ ವರ್ಷಗಟ್ಟಲೆ ಆಡಳಿತಾಧಿಕಾರಿಯ ಕಾರುಬಾರು. ಅಧಿಕಾರಿ ಒಳ್ಳೆಯವರೇ ಇರಬಹುದು. ಆದರೆ ತೋಡಿನ ಸಂಕ ಮುರಿದರೆ ರಾತ್ರಿ ಹೋಗಿ ಬಾಗಿಲು ತಟ್ಟಲು ನಮ್ಮವ ಅಂತ ಒಬ್ಬ ಇರುವುದಿಲ್ಲ.

ಹಲಗೆಯ ಕತೆ

ಗ್ರಾಮಸಭೆಯಿಂದ ಏನು ಮಹಾ ಆಗುತ್ತದೆ, ಬರೀ ಗಲಾಟೆ, ಎನ್ನುವವರಿಗೆ ನಮ್ಮ ಬೈಲಿನ ಒಂದು ಸಂಗತಿ ಹೇಳುತ್ತೇನೆ. ನಮ್ಮ ತೋಡಿಗೊಂದು ಕಿಂಡಿ ಅಣೆಕಟ್ಟು ಇದೆ. ಹಲಗೆ ಹಾಕುವಾಗ ಡಿಸೆಂಬರ್ ಕಳೆಯುತ್ತಿತ್ತು. ಅಷ್ಟರಲ್ಲಿ ತೋಡಿನ ಹರಿವೇ ಸಣ್ಣಗಾಗಿ, ಕಟ್ಟದಲ್ಲಿ ನೀರು ನಿಲ್ಲುತ್ತಿರಲಿಲ್ಲ. ಒಂದು ಗ್ರಾಮಸಭೆಗೆ ನಾವು ಬೈಲಿನ ಹದಿನೆಂಟು ಮನೆಯವರು ಒಟ್ಟಿಗೆ ಹೋದೆವು. ಭಾಷಣ ಮಾಡಲಿಲ್ಲ. ನವೆಂಬರ್ ಮುಗಿಯುವುದರೊಳಗೆ ಹಲಗೆ ಬೀಳಬೇಕು, ತುಂಡಾದ ಹಲಗೆಗೆ ಹಣ ಇಡಬೇಕು ಎಂದು ಎರಡು ಸಾಲು ಬರೆದುಕೊಟ್ಟು, ನಡವಳಿ ಪುಸ್ತಕದಲ್ಲಿ ಬರೆಯುವವರೆಗೆ ಎದ್ದು ಬರಲಿಲ್ಲ. ಆ ವರ್ಷ ಹಲಗೆ ಸಮಯಕ್ಕೆ ಬಿತ್ತು. ಮಾರ್ಚ್ ಕೊನೆಯವರೆಗೂ ಕೆಳಗಿನ ಬಾವಿಗಳಲ್ಲಿ ನೀರಿತ್ತು.

1993ರ ಪಂಚಾಯತ್ ರಾಜ್ ಕಾಯ್ದೆ ಆರು ತಿಂಗಳಿಗೊಮ್ಮೆಯಾದರೂ ಗ್ರಾಮಸಭೆ ಕರೆಯಬೇಕು ಎನ್ನುತ್ತದೆ. ಫಲಾನುಭವಿ ಪಟ್ಟಿ, ಕಾಮಗಾರಿ, ಖರ್ಚು ಎಲ್ಲ ಅಲ್ಲಿ ಓದಬೇಕು. ಮತದಾರ ಆದವನಿಗೆ ಅಲ್ಲಿ ಸದಸ್ಯತ್ವ ಇದ್ದೇ ಇದೆ, ಯಾರ ಶಿಫಾರಸೂ ಬೇಡ. ಪಟ್ಟಣ ಪಂಚಾಯತಿಗೆ ಈ ಗ್ರಾಮಸಭೆ ಇಲ್ಲ. ಸಂವಿಧಾನ ವಾರ್ಡ್ ಸಮಿತಿಯನ್ನು ಕಡ್ಡಾಯ ಮಾಡಿರುವುದು 3 ಲಕ್ಷ ಅಥವಾ ಅದಕ್ಕಿಂತ ಹೆಚ್ಚು ಜನ ಇರುವ ಊರುಗಳಿಗೆ. ಹಳ್ಳಿಗೆ ಗ್ರಾಮಸಭೆ ಉಂಟು, ದೊಡ್ಡ ನಗರಕ್ಕೆ ವಾರ್ಡ್ ಸಮಿತಿ ಉಂಟು, ನಡುವಿನ ಸಣ್ಣ ಪೇಟೆಯವನಿಗೆ ಐದು ವರ್ಷಕ್ಕೊಂದು ಓಟು. ನನ್ನ ತಕರಾರು ಇರುವುದು ಇಲ್ಲೇ. ಹಲಗೆಯಂಥ ಸಣ್ಣ ವಿಷಯವನ್ನು ಎದ್ದು ನಿಂತು ಕೇಳುವ ಜಾಗ ನಮಗೆ ಬೇಕು. ಸಣ್ಣ ಕೃಷಿಕನ ಬದುಕು ಇಂಥ ಸಣ್ಣ ವಿಷಯಗಳ ಮೇಲೆಯೇ ನಿಂತಿದೆ.

ಈಗ ಮಾಡಬೇಕಾದದ್ದು

ಪೇಟೆಯ ಮಿತ್ರರು ನನ್ನ ಮೇಲೆ ಸಿಟ್ಟಾಗುವುದು ಬೇಡ. ಪೇಟೆ ಬೆಳೆದರೆ ನಮ್ಮ ಬಾಳೆಗೊನೆಗೂ ಗಿರಾಕಿ ಸಿಗುತ್ತಾರೆ. ನಾನು ಕೇಳುವುದು ಇಷ್ಟೇ. ಪಂಚಾಯತ್ ನಿರ್ಣಯ ಮಾಡುವ ಮೊದಲು ಈ ಒಂದೇ ವಿಷಯಕ್ಕೆ ವಿಶೇಷ ಗ್ರಾಮಸಭೆ ಕರೆಯಲಿ. ಯಾವ ವಾರ್ಡು ಸೇರುತ್ತದೆ, ಯಾವುದು ಬಿಡುತ್ತದೆ ಎಂದು ನಕ್ಷೆ ತೂಗುಹಾಕಲಿ. ಜನಸಂಖ್ಯೆ, ಉದ್ಯೋಗದ ಲೆಕ್ಕ ಓದಿ ಹೇಳಲಿ. ಮನೆ ತೆರಿಗೆ ಈಗ ಎಷ್ಟು, ಮುಂದೆ ಎಷ್ಟು ಎಂಬ ಅಂದಾಜು ಕೊಡಲಿ. ಪೇಟೆಯ ಕಸ ಯಾವ ಗುಡ್ಡೆಗೆ ಹೋಗುತ್ತದೆ ಎಂಬುದನ್ನೂ ಅಲ್ಲೇ ಹೇಳಲಿ. ಆ ಗುಡ್ಡೆಯ ಕೆಳಗೆ ಯಾರದ್ದಾದರೂ ಬಾವಿ ಇದ್ದೇ ಇರುತ್ತದೆ.

ಕೃಷಿಯೇ ಮುಖ್ಯವಾಗಿರುವ ವಾರ್ಡನ್ನು ಹೊರಗಿಟ್ಟು ಪಕ್ಕದ ಗ್ರಾಮ ಪಂಚಾಯತಿಗೆ ಸೇರಿಸಿ ಎಂದು ಕೇಳುವುದಕ್ಕೂ ಅಡ್ಡಿಯಿಲ್ಲ. ಅಂತಿಮ ತೀರ್ಮಾನ ಸರಕಾರದ್ದು, ನಿಜ. ಆದರೆ ಮೊದಲು ಕರಡು ಅಧಿಸೂಚನೆ ಹೊರಡಿಸಿ ಆಕ್ಷೇಪಣೆ ಕೇಳುವ ಕ್ರಮ ಇದೆ. ಅದಕ್ಕೆ ಸಿಗುವುದು ಎಣಿಕೆಯ ದಿನ. ಅಡಿಕೆ ಕೊಯ್ಲಿನ ಗಡಿಬಿಡಿಯಲ್ಲಿ ಆ ದಿನ ಕಳೆದುಹೋದರೆ ಆಮೇಲೆ ಜಗಲಿಯಲ್ಲಿ ಕೂತು ಬೈದು ಫಲವಿಲ್ಲ.

ಹಾಗಾಗಿ ಮುಂದಿನ ಗ್ರಾಮಸಭೆಯ ತಾರೀಕು ಪಂಚಾಯತ್ ಕಚೇರಿಯಲ್ಲಿ ಕೇಳಿ ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಮನೆಗೊಬ್ಬರಂತೆ ಹೋಗಿ, ಹೆಂಗಸರೂ ಬರಲಿ. ಕೇಳುವುದನ್ನು ಚೀಟಿಯಲ್ಲಿ ಬರೆದು ಕೊಡಿ, ಸ್ವೀಕೃತಿ ತೆಗೆದುಕೊಳ್ಳಿ, ನಡವಳಿಯಲ್ಲಿ ಬರೆಸಿ. ಎಲ್ಲ ಕೇಳಿ ತಿಳಿದ ಮೇಲೆ ಊರಿನ ಹೆಚ್ಚಿನವರು ಪಟ್ಟಣವೇ ಇರಲಿ ಎಂದರೆ ಇರಲಿ, ನಾನೂ ಒಪ್ಪುತ್ತೇನೆ. ನಿಮ್ಮ ಊರುಗಳಲ್ಲಿ ಹೀಗೆ ಆಗಿದ್ದರೆ, ಆದ ಮೇಲೆ ತೋಟದವರ ಅನುಭವ ಹೇಗಿದೆ? ದಯವಿಟ್ಟು ಪತ್ರಿಕೆಗೆ ಬರೆಯಿರಿ.