ಗೇಟಿನ ಹೊರಗೇ ನಿಂತ ಕನ್ನಡಿಗರು

ನಮ್ಮ ಸಂಘದ ಈ ಮಾಸಪತ್ರಿಕೆ ಕೈಗೆ ಬಂದ ಕೂಡಲೆ ನಾನು ಮೊದಲು ಓದುವುದು ಕೊನೆಯ ಪುಟವನ್ನು. ಮಾನ್ಯ ಸಂಪಾದಕರು ತಪ್ಪದೆ ಪ್ರಕಟಿಸುವ 'ಮುಂದಿನ ಕಾರ್ಯಕ್ರಮಗಳು' ಎಂಬ ಪಟ್ಟಿ ಇರುವುದು ಅಲ್ಲಿ. ಮೊನ್ನೆ ಒಂದು ವರ್ಷದ ಸಂಚಿಕೆಗಳನ್ನು ಮುಂದಿಟ್ಟುಕೊಂಡು ಲೆಕ್ಕ ಹಾಕಿದೆ. ಗುಮಾಸ್ತನ ಬುದ್ಧಿ, ಏನು ಮಾಡಲಿ! ಸತ್ಯನಾರಾಯಣ ಪೂಜೆ, ಗಣೇಶೋತ್ಸವ, ಅಂತ್ಯಾಕ್ಷರಿ, ರಂಗೋಲಿ ಸ್ಪರ್ಧೆ, ವನಭೋಜನ, ರಾಜ್ಯೋತ್ಸವ, ಅದರ ಜೊತೆಗೆ ಚಿತ್ರಗೀತೆಗಳ ವಾದ್ಯವೃಂದ. ಇವೆಲ್ಲ ಬೇಕು. ಒಂದನ್ನೂ ಬಿಡಿ ಎಂದು ಹೇಳುವವನು ನಾನಲ್ಲ. ಆದರೆ ಅಹಮದಾಬಾದ್, ವಡೋದರ, ಸೂರತ್ ಈ ಮೂರು ಊರುಗಳ ವಿಶ್ವವಿದ್ಯಾನಿಲಯಗಳಲ್ಲಿ ನಡೆಯಲಿರುವ ಒಂದು ಉಪನ್ಯಾಸ, ಒಂದು ಚಿತ್ರ ಪ್ರದರ್ಶನ, ಒಂದು ಸಂಗೀತ ಕಚೇರಿ, ಇವುಗಳ ಸುದ್ದಿ ಆ ಹನ್ನೆರಡು ಪುಟಗಳಲ್ಲಿ ಎಲ್ಲಿಯೂ ಇಲ್ಲ.

ಇದು ಸಂಪಾದಕರ ತಪ್ಪಲ್ಲ. ನಾವು ಕೇಳಲಿಲ್ಲ, ಅವರು ಕೊಡಲಿಲ್ಲ. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆಯನ್ನು ನಮ್ಮಷ್ಟು ನಿಷ್ಠೆಯಿಂದ ಪಾಲಿಸುತ್ತಿರುವವರು ಬೇರೆ ಯಾರೂ ಇರಲಾರರು. ಈ ಮಾತು ಯಾರಿಗಾದರೂ ಚುಚ್ಚಿದರೆ ಕ್ಷಮಿಸಬೇಕು. ಮೊದಲ ಅಪರಾಧಿ ನಾನೇ ಆದ್ದರಿಂದ ನನ್ನಿಂದಲೇ ಪ್ರಾರಂಭಿಸುತ್ತೇನೆ.

ನಾನು ವಿಜಯಪುರ ಜಿಲ್ಲೆಯವನು. ಬಿ.ಎಸ್ಸಿ. ಮುಗಿಸಿ, ಪರೀಕ್ಷೆ ಬರೆದು, ಕೇಂದ್ರ ಸರ್ಕಾರದ ಗುಮಾಸ್ತನಾಗಿ ಮೊದಲು ಬಂದದ್ದು ವಡೋದರಕ್ಕೆ. ರೈಲು ನಿಲ್ದಾಣದಿಂದ ನಡೆದು ಹೋಗುವಷ್ಟು ದೂರದಲ್ಲೇ ಹಳೆಯ ಬರೋಡಾ ಕಾಲೇಜಿನ ಕಟ್ಟಡವಿದೆ. ಅದೇ ಇಂದಿನ ಮಹಾರಾಜ ಸಯಾಜಿರಾವ್ ವಿಶ್ವವಿದ್ಯಾನಿಲಯದ ಕಲಾ ವಿಭಾಗ. ವಾಸ್ತುಶಿಲ್ಪಿ ಚಿಸಮ್ ಕಟ್ಟಿಸಿದ ಅದರ ದೊಡ್ಡ ಗುಮ್ಮಟಕ್ಕೆ ನಮ್ಮೂರ ಗೋಳಗುಮ್ಮಟವೇ ಸ್ಫೂರ್ತಿ ಎನ್ನುತ್ತಾರೆ. ಆರು ವರ್ಷ ಪ್ರತಿದಿನ ಅದನ್ನು ನೋಡುತ್ತ ಕಚೇರಿಗೆ ಹೋದೆ. ನೋಡಿದಾಗಲೆಲ್ಲ ಊರು ನೆನಪಾಗುತ್ತಿತ್ತು. ಆದರೆ ಒಂದು ದಿನವಾದರೂ ಗೇಟು ದಾಟಿ ಒಳಗೆ ಹೋಗಲಿಲ್ಲ. ಗೋಡೆಯ ಮೇಲಿನ ಭಿತ್ತಿಪತ್ರಗಳನ್ನು ಬಸ್ಸಿನ ಕಿಟಕಿಯಿಂದ ಅರ್ಧ ಓದಿ ಬಿಟ್ಟೆ. ಅವು ಬೇರೆ ಯಾರಿಗೋ ಬರೆದ ಕಾಗದಗಳೆಂದು ನನ್ನ ಭಾವನೆ.

ನನ್ನ ಮಗಳಿಗೆ ಚಿಕ್ಕಂದಿನಿಂದ ಚಿತ್ರ ಬರೆಯುವ ಹುಚ್ಚು. ಅವಳು ಎಂಟನೆಯ ತರಗತಿಯಲ್ಲಿದ್ದಾಗ, ಲಲಿತಕಲಾ ವಿಭಾಗದಲ್ಲಿ ವಿದ್ಯಾರ್ಥಿಗಳ ವಾರ್ಷಿಕ ಪ್ರದರ್ಶನವಿದೆ, ಯಾರು ಬೇಕಾದರೂ ನೋಡಬಹುದಂತೆ, ಕರೆದುಕೊಂಡು ಹೋಗಿ ಎಂದು ಕೇಳಿದಳು. "ಮೊದಲು ಗಣಿತ ನೋಡಿಕೋ, ಮುಂದಿನ ವರ್ಷ ಹೋದರಾಯಿತು" ಎಂದೆ. ಮುಂದಿನ ವರ್ಷ ಬರುವುದರೊಳಗೆ ಸಚಿನ್‌ಗೆ ವರ್ಗವಾಯಿತು. ಈಗ ಅವಳು ವಾಣಿಜ್ಯ ಓದುತ್ತಿದ್ದಾಳೆ. ಬಣ್ಣದ ಪೆಟ್ಟಿಗೆ ಅಟ್ಟದ ಮೇಲಿದೆ. ಪ್ರದರ್ಶನ ನೋಡಿದ್ದರೆ ಅವಳು ಕಲಾವಿದೆಯಾಗಿಬಿಡುತ್ತಿದ್ದಳೆಂದು ನಾನು ಹೇಳುವುದಿಲ್ಲ. ಅಂಥದ್ದೊಂದು ದಾರಿ ಇದೆಯೆಂದು ಅವಳಿಗೆ ಕಾಣುತ್ತಿತ್ತು, ಅಷ್ಟೆ. ಆ ಗೇಟನ್ನು ಮುಚ್ಚಿದವನು ವಿಶ್ವವಿದ್ಯಾನಿಲಯದ ಕಾವಲುಗಾರನಲ್ಲ, ನಾನು.

"ಅವೆಲ್ಲ ದೊಡ್ಡ ಮಂದಿಯ ಕೆಲಸ, ಅಲ್ಲಿ ನಮ್ಮದೇನಿದೆ?" ಎನ್ನುವುದು ನಮ್ಮವರ ಮೊದಲ ಮಾತು. ಏನಿದೆಯೆಂದು ಕೇಳಿರಿ. ವಡೋದರದ ಸಂಗೀತಶಾಲೆ 1886ರಲ್ಲಿ ಉಸ್ತಾದ್ ಮೌಲಾ ಬಕ್ಷರಿಂದ ಪ್ರಾರಂಭವಾಯಿತು. ಸುರ್‌ಸಾಗರ ಕೆರೆಯ ಹತ್ತಿರ ಇಂದು ಪ್ರದರ್ಶನ ಕಲೆಗಳ ವಿಭಾಗವಾಗಿ ಬೆಳೆದಿರುವುದು ಅದೇ ಶಾಲೆ. ಆ ಉಸ್ತಾದರು ಉತ್ತರಾದಿಯವರಾದರೂ ಮೈಸೂರಿಗೆ ಹೋಗಿ, ಅಲ್ಲಿಯ ಅರಮನೆಯ ಮನ್ನಣೆ ಪಡೆದು, ಕರ್ನಾಟಕ ಸಂಗೀತವನ್ನೂ ಕಲಿತವರು. ಮೈಸೂರಿನ ನೀರು ಕುಡಿದ ಗಾಯಕ ಕಟ್ಟಿದ ಶಾಲೆಯಲ್ಲಿ ಕಚೇರಿ ನಡೆದರೆ ನಮಗೆ ಸಂಬಂಧವಿಲ್ಲವೆ?

ಅದೇ ಊರಿನ ಪ್ರಾಚ್ಯವಿದ್ಯಾ ಮಂದಿರದ ಮಾತು ಕೇಳಿ. ಅಲ್ಲಿಂದ ಬಂದ ಗಾಯಕವಾಡ ಗ್ರಂಥಮಾಲೆಯಲ್ಲಿ 'ಮಾನಸೋಲ್ಲಾಸ'ದ ಮೊದಲ ಸಂಪುಟ ಅಚ್ಚಾದದ್ದು 1925ರಲ್ಲಿ. ಅದನ್ನು ಬರೆದವನು ಹನ್ನೆರಡನೆಯ ಶತಮಾನದ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ. ಅವನ ರಾಜಧಾನಿ ಇಂದಿನ ಬೀದರ್ ಜಿಲ್ಲೆಯ ಬಸವಕಲ್ಯಾಣ. ರಾಜ್ಯಭಾರದಿಂದ ಹಿಡಿದು ಸಂಗೀತ, ಚಿತ್ರಕಲೆ, ಬೇಟೆ, ಅಡಿಗೆಯವರೆಗೆ ಆತ ಬರೆಯದ ವಿಷಯವಿಲ್ಲ. ಇಡ್ಲಿ ದೋಸೆಗಳ ಪೂರ್ವಜರೂ ಅದರಲ್ಲಿದ್ದಾರೆ. ನಾವು ಸಂಘದ ಸಭೆ ಮುಗಿಸಿ ಇಡ್ಲಿ ತಿನ್ನುತ್ತೇವೆ. ಇಡ್ಲಿಯ ಮಾತು ಬರೆದಿಟ್ಟ ಕನ್ನಡ ನಾಡಿನ ದೊರೆಯ ಪುಸ್ತಕ ನಮ್ಮ ಪಕ್ಕದಲ್ಲೇ ಅಚ್ಚಾಯಿತೆಂದು ಎಷ್ಟು ಜನರಿಗೆ ಗೊತ್ತು? ಅಲ್ಲಿ ಹಳೆಯ ಗ್ರಂಥಗಳ ಬಗ್ಗೆ ವಿದ್ವಾಂಸರು ಸೇರಿ ಮಾತನಾಡುವಾಗ ಹಿಂದಿನ ಸಾಲಿನಲ್ಲಿ ಒಬ್ಬ ಕನ್ನಡಿಗ ಕುಳಿತಿದ್ದರೆ ಯಾರೂ ಬೇಡವೆನ್ನಲಾರರು.

ಇನ್ನು ಅಹಮದಾಬಾದ್. ಬಿ.ಎಸ್ಸಿ. ತರಗತಿಯಲ್ಲಿ ನಾನು ಭೌತಶಾಸ್ತ್ರ ಓದಿದವನು. 1975ರ ಏಪ್ರಿಲಿನಲ್ಲಿ ಹಾರಿದ ಆರ್ಯಭಟ ಉಪಗ್ರಹ ಗೊತ್ತಿತ್ತು. ಅದನ್ನು ಕಟ್ಟಿದ ತಂಡದ ನಾಯಕರು ಉಡುಪಿಯ ಕಡೆಯ ಯು. ಆರ್. ರಾಯರೆಂಬುದೂ ಗೊತ್ತಿತ್ತು. ಆದರೆ ಅವರು ವಿಕ್ರಮ್ ಸಾರಾಭಾಯಿಯವರ ಶಿಷ್ಯರಾಗಿ ಅಹಮದಾಬಾದಿನ ಭೌತ ಸಂಶೋಧನಾಲಯದಲ್ಲಿ ಕೆಲಸ ಮಾಡಿ, ಗುಜರಾತ್ ವಿಶ್ವವಿದ್ಯಾನಿಲಯದಿಂದ ಡಾಕ್ಟರೇಟ್ ಪಡೆದವರೆಂದು ನಾನು ತಿಳಿದದ್ದು 2017ರಲ್ಲಿ ಅವರು ತೀರಿಕೊಂಡಾಗ, ವೃತ್ತಪತ್ರಿಕೆಯ ಮೂಲಕ. ಗುಜರಾತಿನಲ್ಲಿ ಅಷ್ಟು ವರ್ಷ ಅನ್ನ ತಿಂದವನಿಗೆ ಇದು ನಾಚಿಕೆಯ ವಿಷಯ. ನಮ್ಮ ಮಕ್ಕಳನ್ನು ವಿಜ್ಞಾನಿಗಳನ್ನಾಗಿ ಮಾಡಬೇಕೆಂದು ಕೋಚಿಂಗ್ ತರಗತಿಗಳಿಗೆ ಲಕ್ಷಗಟ್ಟಲೆ ಸುರಿಯುತ್ತೇವೆ. ವಿಜ್ಞಾನಿಯೊಬ್ಬರು ಬಂದು ಮಾತನಾಡುತ್ತಾರೆಂದರೆ, ಪುಕ್ಕಟೆಯಾದರೂ, ಆಟೋ ಖರ್ಚು ದಂಡವೆನ್ನುತ್ತೇವೆ.

ಎರಡನೆಯ ಆಕ್ಷೇಪಣೆ ಭಾಷೆಯದು. "ಮುಂಬಯಿಯವರಿಗಾದರೆ ಅವರ ವಿಶ್ವವಿದ್ಯಾನಿಲಯದಲ್ಲಿ ಕನ್ನಡ ವಿಭಾಗವೇ ಇದೆ. ಇಲ್ಲಿ ಮಾತೆಲ್ಲ ಗುಜರಾತಿ, ಇಂಗ್ಲಿಷು" ಎನ್ನುತ್ತಾರೆ. ನಿಜ. ಆದರೆ ತರಕಾರಿಯವನೊಡನೆ ಚೌಕಾಶಿ ಮಾಡುವಾಗ, ಬಾಡಿಗೆ ಮನೆಯ ಕರಾರು ಓದುವಾಗ ನಮಗೆ ಗುಜರಾತಿ ಬರುತ್ತದೆ. ಕಚೇರಿಯ ಕಡತದಲ್ಲಿ ಇಂಗ್ಲಿಷು ಬರುತ್ತದೆ. ಸಭಾಭವನದ ಬಾಗಿಲಿಗೆ ಬಂದಾಗ ಮಾತ್ರ ಎರಡೂ ಮರೆತುಹೋಗುತ್ತವೆಯೆ? ಮೇಲಾಗಿ ಸಿತಾರಿಗೆ, ಶಿಲ್ಪಕ್ಕೆ, ಭರತನಾಟ್ಯಕ್ಕೆ ಯಾವ ಭಾಷೆಯ ತೊಡಕು?

ಮೂರನೆಯದು, "ನಮಗೆ ತಿಳಿಯುವುದಿಲ್ಲ" ಎಂಬ ಮಾತು. ಇದಕ್ಕೆ ನಮ್ಮ ತಂದೆಯವರ ಟ್ರಂಕೇ ಉತ್ತರ. ಅವರು ಪ್ರಾಥಮಿಕ ಶಾಲೆಯ ಮಾಸ್ತರರು. ಆ ಟ್ರಂಕಿನಲ್ಲಿ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಪ್ರಸಾರಾಂಗದವರು ಉಪನ್ಯಾಸಗಳನ್ನು ಅಚ್ಚು ಹಾಕಿದ ಸಣ್ಣ ಸಣ್ಣ ಪುಸ್ತಕಗಳಿದ್ದವು. ಕವಿ ಚೆನ್ನವೀರ ಕಣವಿಯವರು ಆ ಪ್ರಸಾರಾಂಗದ ನಿರ್ದೇಶಕರಾಗಿದ್ದವರು. ವಿಶ್ವವಿದ್ಯಾನಿಲಯದ ವಿದ್ಯೆ ಅದರ ಕಂಪೌಂಡಿನೊಳಗೆ ಕೊಳೆಯಬಾರದು, ಹಳ್ಳಿಯ ಮಾಸ್ತರನಿಗೂ ಮುಟ್ಟಬೇಕೆಂಬ ಛಲದಿಂದ ಮೈಸೂರು, ಧಾರವಾಡಗಳಲ್ಲಿ ದೊಡ್ಡ ದೊಡ್ಡವರು ಕೆಲಸ ಮಾಡಿದರು. ನಮ್ಮ ತಂದೆಯವರಿಗೆ ಆ ಪುಸ್ತಕಗಳೆಲ್ಲ ಪೂರ್ತಿ ತಿಳಿದಿದ್ದವೆಂದು ನಾನು ನಂಬಲಾರೆ. ಆದರೂ ಕಂದೀಲಿನ ಬೆಳಕಿನಲ್ಲಿ ಓದುತ್ತಿದ್ದರು. ತಿಳಿಯದ ಕಡೆ ಪೆನ್ಸಿಲಿನಲ್ಲಿ ಗೆರೆ ಎಳೆದಿಡುತ್ತಿದ್ದರು. ಪದವೀಧರನಾದ ಮಗ ವಿಶ್ವವಿದ್ಯಾನಿಲಯದ ಗೋಡೆಗೆ ತಾಗಿಯೇ ನಡೆದುಹೋದ, ತಿಳಿಯುವುದಿಲ್ಲವೆಂಬ ನೆಪ ಹೇಳಿ. ಇದನ್ನು ಮುನ್ನಡೆ ಎನ್ನೋಣವೆ?

ವಿಶ್ವವಿದ್ಯಾನಿಲಯಗಳವರೂ ಮುಗ್ಧರಲ್ಲ. ಒಂದು ಆವರಣದಲ್ಲಿ ನಾನು ಕಂಡ ಸೂಚನಾ ಫಲಕದ ಮೇಲೆ, ಮುಗಿದು ಹತ್ತು ದಿನವಾದ ವಿಚಾರ ಸಂಕಿರಣದ ಪ್ರಕಟಣೆ ಗಾಳಿಗೆ ಹಾರಾಡುತ್ತಿತ್ತು. ಮುಂದಿನದರ ಸುದ್ದಿ ಎಲ್ಲಿ ಎಂದು ಕೇಳಿದರೆ, ಅದು ವಿದ್ಯಾರ್ಥಿಗಳ ಮೊಬೈಲಿಗೆ ಹೋಗಿದೆ ಎಂಬ ಉತ್ತರ ಬಂತು. ಇನ್ನೊಂದು ಕಡೆ, ಸಾರ್ವಜನಿಕರಿಗೆ ಸ್ವಾಗತವೆಂದು ಅಚ್ಚಾದ ಆಹ್ವಾನಪತ್ರಿಕೆ ಕೈಯಲ್ಲಿದ್ದರೂ ಗೇಟಿನವನು ಗುರುತು ಚೀಟಿ ಕೇಳಿ ನನ್ನನ್ನೂ ನನ್ನ ಸ್ನೇಹಿತರನ್ನೂ ಹಿಂದಕ್ಕೆ ಕಳಿಸಿದ. ನಮ್ಮ ತೆರಿಗೆಯ ಹಣದಿಂದ ನಡೆಯುವ ಸಂಸ್ಥೆಯಲ್ಲಿ ನಾವು ಸಂಶಯಿತರು! ಹಿಂದಿನ ಅನುಭವವೇ ಬೇರೆ. ವಡೋದರದ ಲಲಿತಕಲಾ ವಿಭಾಗ ಸ್ಥಾಪನೆಯಾದದ್ದು 1950ರಲ್ಲಿ. 1961ರಲ್ಲಿ ಅಲ್ಲಿ ಕಲಾಮೇಳ ಪ್ರಾರಂಭವಾದಾಗ ಕೆ. ಜಿ. ಸುಬ್ರಹ್ಮಣ್ಯನ್ ಅವರಂಥ ಗುರುಗಳು ಶಿಷ್ಯರ ಜೊತೆ ಕುಳಿತು ಆಟಿಕೆಗಳನ್ನು ಮಾಡಿದರು. ಊರಿನ ಜನ ಬಂದು ಕೊಂಡರು. ಗೇಟು ಯಾವ ಕಡೆಗೆ ತೆರೆಯಬೇಕೆಂದು ಆ ಹಿರಿಯರಿಗೆ ಗೊತ್ತಿತ್ತು.

ಆದರೆ ಗೇಟಿನವನು ತಡೆಯಬೇಕಾದರೂ ನಾವು ಗೇಟಿನವರೆಗೆ ಹೋಗಬೇಕಲ್ಲ! ನೂರು ಜನ ಹೋಗಿ ಕೇಳಿದರೆ ಅವನಿಗೂ ಅಭ್ಯಾಸವಾಗುತ್ತದೆ, ಅವನ ಮೇಲಿನವರಿಗೂ ಬುದ್ಧಿ ಬರುತ್ತದೆ.

ಇನ್ನೊಂದು ಮಾತು. ಆ ಆವರಣಗಳ ಒಳಗೂ ನಮ್ಮವರಿದ್ದಾರೆ. ಬೆಂಗಳೂರಿನ ಎನ್. ಪುಷ್ಪಮಾಲಾ ಶಿಲ್ಪಕಲೆಯ ವಿದ್ಯಾಭ್ಯಾಸ ಮಾಡಿದ್ದು ವಡೋದರದಲ್ಲಿ. ಮುಂದೆ ಅವರು ಹೆಸರಾಂತ ಕಲಾವಿದೆಯಾದರು. ಇಂದಿಗೂ ಕರ್ನಾಟಕದ ಹುಡುಗ ಹುಡುಗಿಯರು ಹಾಸ್ಟೆಲಿನ ದಪ್ಪ ರೊಟ್ಟಿ ತಿಂದುಕೊಂಡು ಇಲ್ಲಿ ಓದುತ್ತಿದ್ದಾರೆ. ನಮ್ಮ ಸಂಘಕ್ಕೆ ಅವರ ನೆನಪಾಗುವುದು ವರ್ಷಕ್ಕೊಮ್ಮೆ, ರಂಗೋಲಿ ಸ್ಪರ್ಧೆಗೆ ತೀರ್ಪುಗಾರರು ಬೇಕಾದಾಗ. ಅವರ ಪ್ರದರ್ಶನಕ್ಕೆ ಹೋಗಿ ಎರಡು ಮಾತು ಕನ್ನಡದಲ್ಲಿ ಆಡಿ, ಭಾನುವಾರ ಮನೆಗೆ ಊಟಕ್ಕೆ ಕರೆದರೆ, ಅದು ರಾಜ್ಯೋತ್ಸವದ ಭಾಷಣಕ್ಕಿಂತ ಕಡಿಮೆಯ ಕನ್ನಡ ಸೇವೆಯೆ?

ಬರಿಯ ಟೀಕೆಯಿಂದ ಪ್ರಯೋಜನವಿಲ್ಲ. ಆದ್ದರಿಂದ ಸಂಘದ ಕಾರ್ಯಕಾರಿ ಸಮಿತಿಯ ಮುಂದೆ ಮೂರು ಸೂಚನೆಗಳನ್ನಿಡುತ್ತೇನೆ. ಒಂದು, ಈ ಪತ್ರಿಕೆಯಲ್ಲಿ ಪ್ರತಿ ತಿಂಗಳು ಅರ್ಧ ಪುಟವನ್ನು ಮೂರು ಊರುಗಳ ಆವರಣಗಳಲ್ಲಿ ನಡೆಯಲಿರುವ ಉಪನ್ಯಾಸ, ಪ್ರದರ್ಶನ, ಕಚೇರಿಗಳಿಗೆ ಮೀಸಲಿಡಬೇಕು. ಸ್ಥಳ, ಸಮಯ, ಹೋಗುವ ಬಸ್ಸು, ಪ್ರವೇಶದ ನಿಯಮ, ಎಲ್ಲವೂ ಅದರಲ್ಲಿರಬೇಕು. ಎರಡು, ಸಾರ್ವಜನಿಕ ಕಾರ್ಯಕ್ರಮಗಳ ಪಟ್ಟಿಯನ್ನು ಮುಂಚಿತವಾಗಿ ಕಳಿಸುವಂತೆ, ಗೇಟಿನಲ್ಲಿ ತಡೆಯದಂತೆ, ಸಂಘದ ಮುದ್ರೆ ಹಾಕಿ ಎಲ್ಲ ಕುಲಸಚಿವರಿಗೂ ಪತ್ರ ಬರೆಯಬೇಕು. ಮೂರು, ಹೋಗಿ ಬಂದವರು ಹತ್ತು ಸಾಲಾದರೂ ಕನ್ನಡದಲ್ಲಿ ಬರೆದುಕೊಡಬೇಕು. ತಿಳಿಯದಿದ್ದರೆ ತಿಳಿಯಲಿಲ್ಲವೆಂದೇ ಬರೆಯಲಿ. ಯಾರಾದರೂ ತಿಳಿದವರು ಮುಂದಿನ ಸಂಚಿಕೆಯಲ್ಲಿ ಉತ್ತರ ಕೊಟ್ಟಾರು.

ಹಣವೆಲ್ಲಿ ಎಂದು ಖಜಾಂಚಿಗಳು ಕೇಳುವುದು ಬೇಡ. ಇದಕ್ಕೆ ಶಾಮಿಯಾನವೂ ಬೇಡ, ಧ್ವನಿವರ್ಧಕವೂ ಬೇಡ, ಹಾರ ತುರಾಯಿಯೂ ಬೇಡ. ಬೇಕಾದದ್ದು ಊರಿಗೊಬ್ಬ ಮನುಷ್ಯ, ವಾರಕ್ಕೊಮ್ಮೆ ಆವರಣಕ್ಕೆ ಹೋಗಿ ವಿಚಾರಿಸಿ ಬರುವವನು. ಸೂರತ್ತಿನ ಕೆಲಸವನ್ನು ನಾನು ಒಪ್ಪಿಕೊಂಡಿದ್ದೇನೆ. ವೀರ ನರ್ಮದ ದಕ್ಷಿಣ ಗುಜರಾತ್ ವಿಶ್ವವಿದ್ಯಾನಿಲಯಕ್ಕೆ ಶನಿವಾರ ಕಚೇರಿಯ ಬಿಡುವಿನಲ್ಲಿ ಹೋಗಿ ಬರುತ್ತೇನೆ. ವಡೋದರ, ಅಹಮದಾಬಾದುಗಳಿಂದ ಒಬ್ಬೊಬ್ಬರು ಸಂಪಾದಕರಿಗೆ ಹೆಸರು ಕೊಡಲಿ. ವಡೋದರದಲ್ಲಿ ಮುಂದಿನ ವಾರ್ಷಿಕ ಪ್ರದರ್ಶನದ ದಿನಾಂಕ ಗೊತ್ತಾದ ಕೂಡಲೆ ಇದೇ ಪತ್ರಿಕೆಯಲ್ಲಿ ತಿಳಿಸುತ್ತೇನೆ. ಆ ಬೆಳಿಗ್ಗೆ ಸಚಿನ್ ನಿಲ್ದಾಣದ ಟಿಕೆಟ್ ಕಿಟಕಿಯ ಮುಂದೆ ನಾನಿರುತ್ತೇನೆ. ಜೊತೆಗೆ ಬರುವವರು ಬನ್ನಿ. ಮಗಳನ್ನೂ ಕೇಳಿದ್ದೇನೆ. "ಈಗ ಯಾಕಪ್ಪಾ?" ಎಂದಳು. ಬರುವುದಿಲ್ಲವೆಂದು ಮಾತ್ರ ಹೇಳಲಿಲ್ಲ.