'ರೇನ್' ಅನ್ನು 'ರೈನ್' ಎಂದು ಓದಿದ ಹುಡುಗ

ಕಳೆದ ಭಾನುವಾರ ಎರಡನೆಯ ತರಗತಿಯ ನನ್ನ ಮೊಮ್ಮಗಳು ಇಂಗ್ಲಿಷ್ ಪುಸ್ತಕದ ಪದಗಳ ಕೆಳಗೆ ಪೆನ್ಸಿಲಿನಿಂದ ಕನ್ನಡದಲ್ಲಿ ಉಚ್ಚಾರಣೆಯನ್ನು ಬರೆದುಕೊಳ್ಳುತ್ತಿದ್ದಳು. ಸೊಸೆ ರಬ್ಬರು ಹಿಡಿದು ಅಳಿಸಲು ಬಂದಾಗ ತಡೆದೆ. "ಮಿಸ್ ಬೈತಾರೆ ಮಾವ" ಎಂದಳು. ಹಾಗೆ ಬೈಯುವವರ ಸಾಲಿನಲ್ಲಿ ನಾನೂ 30 ವರ್ಷಗಳಿಗೆ ಮಿಕ್ಕಿ ನಿಂತಿದ್ದವನೇ. ಆದ್ದರಿಂದಲೇ ಈ ವಿಷಯವಾಗಿ ನಾಲ್ಕು ಮಾತು ಬರೆಯಬೇಕೆನಿಸಿತು.

ನನ್ನ ಹಳೆಯ ವಿದ್ಯಾರ್ಥಿಗಳಿಗೆ ನೆನಪಿರಬಹುದು, ಆಗ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಆರಂಭವಾಗುತ್ತಿದ್ದುದು ಐದನೆಯ ತರಗತಿಯಲ್ಲಿ. ಒಂದನೆಯ ತರಗತಿಗೆ ಅದು ಬಂದದ್ದು 2007ರಲ್ಲಿ. ನನ್ನ ಎಂಟನೆಯ ತರಗತಿಯಲ್ಲಿ ಹುಡುಗನೊಬ್ಬ 'ರೇನ್' ಎಂಬ ಪದವನ್ನು 'ರೈನ್' ಎಂದು ಓದಿದ. ತರಗತಿ ನಕ್ಕಿತು, ನಾನೂ ನಕ್ಕೆ. ಸಾಲದೆಂದು 'ಆರ್ ಎ ಐ ಎನ್ ರೇನ್' ಎಂದು ನೂರು ಸಲ ಬರೆಸಿದೆ. ಆ ವರ್ಷವಿಡೀ ಅವನು ಮತ್ತೆ ಗಟ್ಟಿಯಾಗಿ ಓದಲು ಎದ್ದು ನಿಲ್ಲಲಿಲ್ಲ. ಮುಂದೆ ಎಸ್.ಎಸ್.ಎಲ್.ಸಿ.ಯಲ್ಲಿ ಇಂಗ್ಲಿಷ್ ವಿಷಯವೊಂದರಲ್ಲೇ ಅನುತ್ತೀರ್ಣನಾದ. ಅದಕ್ಕೆ ನಾನೊಬ್ಬನೇ ಕಾರಣನೆನ್ನಲಾರೆ. ಆದರೆ ಅದರಲ್ಲಿ ನನ್ನ ಪಾಲಿದೆ.

ಅವನು ಮಾಡಿದ ತಪ್ಪಾದರೂ ಏನು? ಶೈಲಜಾ, ಭೈರವ, ಚೈತ್ರಾ ಎಂಬ ಹೆಸರುಗಳನ್ನು ಇಂಗ್ಲಿಷಿನಲ್ಲಿ ಬರೆಯುವಾಗ ಐಕಾರಕ್ಕೆ ನಾವು ಎ-ಐ ಎಂಬ ಜೋಡಿಯನ್ನೇ ಬಳಸುತ್ತೇವೆ. ಹಾಜರಿ ಪುಸ್ತಕದಲ್ಲಿ ನಾನೇ ಹಾಗೆ ಬರೆದಿದ್ದೆ. ಹುಡುಗ ಯೋಚಿಸಿಯೇ ಓದಿದ್ದ. ಇಂಗ್ಲಿಷ್ ಪದದಲ್ಲಿ ಈ ಎರಡು ಅಕ್ಷರಗಳು ಕೂಡಿ ಸಾಮಾನ್ಯವಾಗಿ ನಮ್ಮ ಏಕಾರದ ಕೆಲಸ ಮಾಡುತ್ತವೆ ಎಂಬ ಒಂದು ಮಾತನ್ನು ನಾನು ಹೇಳಬೇಕಾಗಿತ್ತು, ಹೇಳಲಿಲ್ಲ.

ಹ್ರಸ್ವ, ದೀರ್ಘಗಳು ಕನ್ನಡದ ಮಗುವಿಗೆ ಹೊಸವಲ್ಲ. ಬೆಳೆ ಬೇರೆ, ಬೇಳೆ ಬೇರೆ ಎಂಬುದನ್ನು ಅದು ಶಾಲೆಗೆ ಬರುವ ಮೊದಲೇ ಅಡುಗೆಮನೆಯಲ್ಲಿ ಕಲಿತಿರುತ್ತದೆ. ಆದ್ದರಿಂದ ಮಗು ಇಂಗ್ಲಿಷಿನ 'ಸಿಟ್' ಮತ್ತು 'ಸೀಟ್', 'ವೆಟ್' ಮತ್ತು 'ವೇಟ್' ಪದಗಳ ಕೆಳಗೆ ಕನ್ನಡದಲ್ಲಿ ಬರೆಯಲಿ ಬಿಡಿ. ಆಮೇಲೆ "ಈ ದೀರ್ಘ ಎಲ್ಲಿಂದ ಬಂತು, ತೋರಿಸು" ಎಂದು ಕೇಳಿ. ಅದರ ಬೆರಳು ಜೋಡಿ ಅಕ್ಷರಗಳ ಮೇಲೆ ಹೋಗಿ ನಿಂತರೆ ಪಾಠ ಮುಗಿಯಿತು. 'ಬಿ ಓ ಎ ಟಿ ಬೋಟ್' ಎಂಬ ಕಂಠಪಾಠದಿಂದ ಇದು ಆಗುವುದಿಲ್ಲ, ಏಕೆಂದರೆ ಆ ನಾಲ್ಕು ಹೆಸರುಗಳನ್ನು ಎಷ್ಟು ವೇಗವಾಗಿ ಹೇಳಿದರೂ 'ಬೋಟ್' ಹುಟ್ಟುವುದಿಲ್ಲ. (ಇಂಗ್ಲಿಷರ ಏಕಾರ ಕೊನೆಯಲ್ಲಿ ಇಕಾರದತ್ತ ಜಾರುತ್ತದೆ, ನಮ್ಮದು ಜಾರುವುದಿಲ್ಲ, ನಿಜ. ಏಳು ವರ್ಷದ ಮಗುವಿಗೆ ಆ ಸೂಕ್ಷ್ಮ ಬೇಡ.)

ಎರಡು ಸ್ವರಗಳು ಜೊತೆಯಾಗಿ ಬಂದರೆ ಮೊದಲನೆಯದು ಮಾತಾಡುತ್ತದೆ, ಎರಡನೆಯದು ಸುಮ್ಮನಿರುತ್ತದೆ ಎಂಬ ನಿಯಮವನ್ನು ಇಂದಿಗೂ ಕೆಲವೆಡೆ ಕಲಿಸುತ್ತಾರೆ. ಅಮೆರಿಕದ ಥಿಯೊಡೋರ್ ಕ್ಲೈಮರ್ ಎಂಬ ಶಿಕ್ಷಣತಜ್ಞರು 1963ರಲ್ಲಿ ಮಕ್ಕಳ ಪಠ್ಯಗಳ ಪದಗಳನ್ನು ತೆಗೆದುಕೊಂಡು ಇಂಥ ನಿಯಮಗಳನ್ನು ಪರೀಕ್ಷಿಸಿದಾಗ ಇದು ನಿಂತದ್ದು ಶೇಕಡಾ 45ರಷ್ಟು ಪದಗಳಲ್ಲಿ ಮಾತ್ರ. 'ಬ್ರೆಡ್', 'ಹೆಡ್', 'ಚೀಫ್' ಪದಗಳನ್ನು ನೋಡಿದರೆ ಸಾಕು. ಸ್ಥಾನವನ್ನು ಕಲಿಸುವುದು ಇದಕ್ಕಿಂತ ಮೇಲು. ಏಕಾರ ಪದದ ನಡುವೆ ಇದ್ದರೆ 'ರೇನ್'ನಲ್ಲಿರುವಂತೆ ಎ-ಐ, ಕೊನೆಯಲ್ಲಿದ್ದರೆ 'ಡೇ'ಯಲ್ಲಿರುವಂತೆ ಎ-ವೈ. ಹಾಗೆಯೇ ನಡುವಿನ ಓಕಾರಕ್ಕೆ 'ಬೋಟ್'ನ ಓ-ಎ, ಕೊನೆಯದಕ್ಕೆ 'ಸ್ನೋ'ದ ಓ-ಡಬ್ಲ್ಯೂ. 'ದೇ', 'ಗ್ರೇಟ್' ಮುಂತಾದವು ಇದಕ್ಕೂ ಒಗ್ಗುವುದಿಲ್ಲವೆಂದು ಮಗುವಿಗೆ ಮೊದಲೇ ಹೇಳಿಬಿಡುವುದು ಒಳ್ಳೆಯದು.

ಈಕಾರಕ್ಕಂತೂ ಸ್ಥಾನವೂ ನೆರವಾಗದು. ಭೇಟಿಯ 'ಮೀಟ್'ಗೆ ಎರಡು ಇ, ಮಾಂಸದ 'ಮೀಟ್'ಗೆ ಇ-ಎ. ಶತಮಾನಗಳ ಹಿಂದೆ ಇವುಗಳ ಉಚ್ಚಾರಣೆ ಬೇರೆ ಬೇರೆಯಾಗಿತ್ತು. ಕಾಲಾಂತರದಲ್ಲಿ ಧ್ವನಿಗಳು ಒಂದಾದವು, ಕಾಗುಣಿತ ಹಾಗೆಯೇ ಉಳಿಯಿತು. ಇಂಥವನ್ನು ಕಣ್ಣೇ ಕಲಿಯಬೇಕು, ಅದಕ್ಕೆ ತಿಂಗಳುಗಳೇ ಬೇಕು. ಸೋಮವಾರ ಓದಲು ಕಲಿಸಿ ಮಂಗಳವಾರ ಉಕ್ತಲೇಖನ ಕೊಟ್ಟು ಅಂಕ ಕಳೆಯುವ ಪದ್ಧತಿಯನ್ನು ನಾನು ಈಗ ಒಪ್ಪುವುದಿಲ್ಲ.

ಮೊಮ್ಮಗಳ ಪುಸ್ತಕದಲ್ಲಿ ಪೆನ್ಸಿಲಿನ ಬರಹ ಸದ್ಯಕ್ಕೆ ಉಳಿದುಕೊಂಡಿದೆ. ಎರಡು ಓ ಸೇರಿ 'ಮೂನ್'ನಲ್ಲಿ ದೀರ್ಘವಾಗಿ 'ಬುಕ್'ನಲ್ಲಿ ಹ್ರಸ್ವವಾದದ್ದೇಕೆಂದು ನಿನ್ನೆ ಕೇಳಿದಳು. ಆ ವಿಚಾರ ಮುಂದಿನ ವಾರ.